ಅತ್ತೆ ಕೂಡಿಸಿದ ಇಂಜಿನ್

ನನ್ನ ಸೋದರಮಾವ ಶಂಕಗಿರಿಯ ಒಂದು ಲಾರಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ ಆಗಿದ್ದವನು. ಕೆಲಸ ಸಾಕೆಂದು ಊರಿಗೆ ಬರುವಾಗ ಒಂದು ಹಳೆಯ ಡೀಸೆಲ್ ಕಾರನ್ನೂ ಜೊತೆಗೆ ತಂದ. ನಮ್ಮೂರು ಕೊಳತ್ತೂರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಬಸ್ಸು ದಿನಕ್ಕೆರಡು ಸಲ ಬಂದು ಹೋಗುತ್ತದೆ, ಅಷ್ಟೇ. ಹೆರಿಗೆಗೆ ಮೆಟ್ಟೂರಿಗೆ ಹೋಗಬೇಕಾದವರು, ಹೆಣ್ಣು ನೋಡಲು ಹೊರಟವರು, ಬೆಳಿಗ್ಗೆಯೇ ಜ್ವರ ಏರಿಸಿಕೊಂಡ ಮಕ್ಕಳು, ಎಲ್ಲರೂ ಆ ಕಾರನ್ನೇ ನೆಚ್ಚಿಕೊಂಡಿದ್ದರು. ಐದಾರು ವರ್ಷ ಹಾಗೆ ಓಡಿದ ಮೇಲೆ ಅದು ಹೊಗೆ ಉಗುಳತೊಡಗಿತು, ಆಯಿಲ್ ಕುಡಿಯತೊಡಗಿತು. ಮಾವ ಇಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಡೀಸೆಲ್ಲಿನಲ್ಲಿ ತೊಳೆದು, ಕುರಿ ಹಟ್ಟಿಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಇಂಜಿನ್ನಿನ ಒಡಲಾದ ಬ್ಲಾಕನ್ನು ಶಂಕಗಿರಿಗೆ, ಸವೆದ ಸಿಲಿಂಡರುಗಳನ್ನು ಕೊರೆದು ಸರಿಮಾಡುವ ಬೋರಿಂಗಿಗೆ ಕಳಿಸಬೇಕು ಎಂದುಕೊಂಡಿದ್ದ ವಾರವೇ ಅವನಿಗೆ ಲಕ್ವ ಹೊಡೆಯಿತು.

ಎರಡು ಮೂರು ತಿಂಗಳಲ್ಲಿ ಕಾಲು ಎಳೆದುಕೊಂಡಾದರೂ ನಡೆಯುವಂತಾದ. ಮಾತು ಮೊದಲಿನ ಹಾಗೆಯೇ ಬಂತು. ಬಲಗೈ ಮಾತ್ರ ಬರಲಿಲ್ಲ. ಮೊಣಕೈಯಿಂದ ಕೆಳಗೆ ಅದು ಅವನದೇ ಅಲ್ಲವೇನೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ನಾನು ಮಾರಂಡಹಳ್ಳಿಯ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ರಜೆ ಸಿಕ್ಕಾಗಲೆಲ್ಲ ಧರ್ಮಪುರಿಯಲ್ಲೊಮ್ಮೆ, ಮೆಟ್ಟೂರಿನಲ್ಲೊಮ್ಮೆ ಬಸ್ಸು ಬದಲಿಸಿ ಅವರ ಮನೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಮಾವ ಚಪ್ಪರದ ಕಡೆಗೆ ಬೆನ್ನು ಹಾಕಿ ಕೂತಿರುವುದನ್ನು ನೋಡುತ್ತಿದ್ದೆ. ಅವನ ಕುರ್ಚಿ ಮೊದಲು ಆ ಕಡೆಗೆ ಮುಖ ಮಾಡಿಯೇ ಇರುತ್ತಿತ್ತು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ನಾನು ಹೋದಾಗ ಹಳೇ ಕಬ್ಬಿಣ ಕೊಳ್ಳುವವನೊಬ್ಬ ಮಿನಿ ಲಾರಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಕಾರನ್ನೂ ಬಿಚ್ಚಿಟ್ಟ ಇಂಜಿನ್ನನ್ನೂ ಕೊಟ್ಟುಬಿಡಲು ಮಾವ ಒಪ್ಪಿದ್ದ. ಯಾವುದನ್ನು ಮೊದಲು ಎತ್ತಬೇಕು ಎಂದು ಎಡಗೈಯಲ್ಲಿ ತೋರಿಸುತ್ತಲೂ ಇದ್ದ. ಅಷ್ಟರಲ್ಲಿ ಅತ್ತೆ ಕುರಿ ಹೊಡೆದುಕೊಂಡು ಬಂದಳು. ಮಾವನ ಹೆಂಡತಿಯಾದ ಈ ಅತ್ತೆ ಅವನ ಅತ್ತೆಯ ಮಗಳೂ ಹೌದು. ಒಂದೇ ಅಂಗಳದಲ್ಲಿ ಆಡಿ ಬೆಳೆದವರಾದ್ದರಿಂದ ಇಬ್ಬರೂ ನೀನು ಎಂದೇ ಮಾತಾಡುತ್ತಾರೆ. ಅವಳು ಕುರಿಗಳನ್ನು ಹಟ್ಟಿಗೆ ಬಿಟ್ಟು ಬಂದು ಮಿನಿ ಲಾರಿಯ ಹಿಂದೆ ನಿಂತಳು.

"ಇದ್ಯಾಕೆ ತುಂಬುಸ್ತಿದ್ದೀಯ?" ಎಂದು ಮಾವನನ್ನು ಕೇಳಿದಳು.

"ಇನ್ನೇನ್ ಮಾಡ್ಲಿ? ತುಕ್ಕು ಇಡಿಯಾಕ್ ಸುರುವಾಗೈತೆ. ಕೂಡ್ಸೋರ್ ಯಾರವ್ರೆ?"

"ನೀ ಬಾಯಲ್ ಏಳು. ನಾ ಕೈಯಲ್ ಮಾಡ್ತೀನಿ."

ಮಾವ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

"ಲೇ, ಇದೇನು ಕುರಿ ಉಣ್ಣೆ ಕತ್ರಿಸ್ದಂಗೆ ಅಂದ್ಕಂಡಿದ್ದೀಯಾ?"

"ಉಣ್ಣೆ ಕತ್ರಿಸಾಕೆ ನಿಂಗ್ ಬತ್ತೈತಾ?"

"ಇಲ್ಲ."

"ಅಂಗಾರೆ ಸುಮ್ನಿರು."

ಕಬ್ಬಿಣದವನು ಇಬ್ಬರ ಮುಖವನ್ನೂ ನೋಡಿ, ಎತ್ತಿ ಹಾಕಿದ್ದ ಎರಡು ಭಾಗಗಳನ್ನು ತಾನೇ ಇಳಿಸಿಟ್ಟು ಹೊರಟುಹೋದ.

ಅತ್ತೆ ಓದು ಬರಹ ಕಲಿತವಳಲ್ಲ. ಬಸ್ಸಿನ ನಂಬರು, ಗಡಿಯಾರ, ದುಡ್ಡು, ಇಷ್ಟು ಗೊತ್ತು. ಸ್ಪ್ಯಾನರನ್ನು ಒಮ್ಮೆಯೂ ಮುಟ್ಟಿದವಳಲ್ಲ. ಪಾಠ ಹೇಳಿಯೇ ಬದುಕುವ ನನಗೆ ಇದು ನಾಲ್ಕು ದಿನದ ಹುಮ್ಮಸ್ಸು ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಸದ್ಯ.

ಬ್ಲಾಕನ್ನು ಪರಿಚಯದ ಲಾರಿಯೊಂದರಲ್ಲಿ ಶಂಕಗಿರಿಗೆ ಕಳಿಸಿದೆವು. ಹೆಡ್ಡನ್ನು, ಅಂದರೆ ಇಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾರದ ಭಾಗವನ್ನು, ನಾನೂ ಅತ್ತೆಯೂ ಬಸ್ಸಿನಲ್ಲಿ ಒಯ್ದೆವು. ಅತ್ತೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಂಡಕ್ಟರ್ ಟಿಕೆಟ್ ಕೊಡುತ್ತ ಅದೇನು ಎಂದು ತಮಿಳಿನಲ್ಲಿ ಕೇಳಿದ.

"ತಲೈ," ಎಂದಳು ಅತ್ತೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಾರಿನ ತಲೆ ಎಂದು ನಾನು ಬಿಡಿಸಿ ಹೇಳುವ ತನಕ ಪಕ್ಕದ ಸೀಟಿನವರೂ ನಮ್ಮನ್ನೇ ನೋಡುತ್ತಿದ್ದರು.

ಶಂಕಗಿರಿಯ ಲೇತ್ ಅಂಗಡಿಯವನು ಮಾವನಿಗೆ ಹಳಬ. ಮೊದಲು ಅವನು ಎಲ್ಲವನ್ನೂ ನನಗೇ ಹೇಳುತ್ತಿದ್ದ, ಚಪ್ಪಲಿ ಹಾಕಿಕೊಂಡು ಹ್ಯಾಂಡ್‌ಬ್ಯಾಗು ತೂಗುಹಾಕಿಕೊಂಡವಳು ನಾನಾದ್ದರಿಂದ. ಕೂಡಿಸುವವಳು ಇವಳು ಎಂದೆ. ಅವನು ಅನುಮಾನದಿಂದ, ತಗಡಿನ ಬಳೆಯನ್ನು ಅರ್ಧಕ್ಕೆ ಕತ್ತರಿಸಿದಂತಿದ್ದ ನಾಲ್ಕು ಬೇರಿಂಗುಗಳನ್ನು ಅತ್ತೆಯ ಅಂಗೈ ಮೇಲೆ ಇಟ್ಟು, ಇದರಲ್ಲಿ ಯಾವುದು ಸವೆದಿದೆ ಹೇಳು ಎಂದ. ಅತ್ತೆ ಕಣ್ಣು ಅತ್ತ ತಿರುಗಿಸಿ ಹೆಬ್ಬೆರಳನ್ನು ಒಂದೊಂದರ ಒಳಗೂ ನಿಧಾನಕ್ಕೆ ಎಳೆದಳು. ಎರಡನ್ನು ತೆಗೆದು ಅವನ ಮುಂದೆ ಇಟ್ಟಳು. ಅವನು ಅಳತೆಯ ಸಾಧನ ತಂದು ನೋಡಿದ. ಆಮೇಲೆ ಅವನು ನನ್ನ ಜೊತೆ ಮಾತಾಡಲೇ ಇಲ್ಲ; ಹೇಳಬೇಕಾದ್ದನ್ನೆಲ್ಲ ಅತ್ತೆಗೇ ಹೇಳಿದ. ಕುರಿಗೆ ಮರಿ ಅಡ್ಡಲಾದಾಗ ಒಳಗೆ ಕೈ ಹಾಕಿ, ಕಾಣದ ಕಾಲು ಯಾವುದು ಕತ್ತು ಯಾವುದು ಎಂದು ಬೆರಳಲ್ಲೇ ತಿಳಿದು ತಿರುಗಿಸುವವಳು ಅವಳು. ಆ ಬೆರಳು ಇಲ್ಲಿಗೂ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

ಬ್ಲಾಕು, ಕ್ರ್ಯಾಂಕು, ಹೊಸ ಪಿಸ್ಟನ್ನು ಎಲ್ಲ ಬಂದ ಮೇಲೆ ಕೆಲಸ ಶುರುವಾಯಿತು. ಕುರಿಗಳು ನೆರಳಿಗೆ ಮಲಗುವ ಮಧ್ಯಾಹ್ನದ ಎರಡು ಮೂರು ಗಂಟೆಯೇ ಅವಳ ಪಾಠದ ಹೊತ್ತು. ಮಾವನ ಕುರ್ಚಿ ಮತ್ತೆ ಚಪ್ಪರದ ಕಡೆಗೆ ತಿರುಗಿತು.

ಮಾವ ಒಳ್ಳೆಯ ಮೇಷ್ಟರೆಂದು ಹೇಳಲಾರೆ. ಮೊದಮೊದಲು ಬರೀ ಬೈಗುಳ. ಅವನಿಗೆ ಇಂಜಿನ್ನಿನ ಮಾತೆಲ್ಲ ವರ್ಕ್‌ಶಾಪಿನ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಬರುತ್ತಿತ್ತು. ಬೈಗುಳ ಮಾತ್ರ ಕನ್ನಡದಲ್ಲಿ. ಅತ್ತೆಗೆ ಆ ಹೆಸರುಗಳು ನಿಲ್ಲುತ್ತಿರಲಿಲ್ಲ. ಅವಳು ತನ್ನವೇ ಹೆಸರಿಟ್ಟುಕೊಂಡಳು. ಪಿಸ್ಟನ್ನು ರಾಗಿ ಅಳೆಯುವ ಸೇರು. ಅದರ ಕೆಳಗಿನ ರಾಡು ತೊಡೆಮೂಳೆ. ವಾಲ್ವುಗಳು ಅಣಬೆ. ಒಂದು ತಿಂಗಳಾದ ಮೇಲೆ ನಾನು ಹೋದಾಗ ಮಾವನೇ, "ಮೂರನೇ ಸೇರು ಈಚೆ ತಗಿ, ಅಣಬೆ ಆಮ್ಯಾಕೆ ನೋಡಾಣ," ಎನ್ನುತ್ತಿದ್ದ. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದು ಕೇಳಬೇಕೆನ್ನಿಸಿತು.

ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಬಾಯಲ್ಲಿ ಹೇಳುವುದು ಸುಲಭವಲ್ಲ. ಮಾವ ತನ್ನ ಎಡಗೈಯಿಂದ ಅತ್ತೆಯ ಮುಂಗೈಯನ್ನು ಹಿಡಿದುಕೊಂಡು ಕೂರುತ್ತಿದ್ದ. ಅವಳು ಸ್ಪ್ಯಾನರ್ ಎಳೆದಾಗ ನರ ಬಿಗಿಯುವುದು ಅವನ ಬೆರಳಿಗೆ ತಿಳಿಯುತ್ತಿತ್ತು. ಸರಿಯಾದ ಹೊತ್ತಿಗೆ, "ಪೋದುಂ," ಎನ್ನುತ್ತಿದ್ದ. ಸಾಕು ಎಂದರ್ಥ. ಸ್ವಲ್ಪ ದಿನ ಕಳೆದ ಮೇಲೆ ಅವನು ಬಾಯಿ ತೆರೆಯುವ ಮೊದಲೇ ಅವಳ ಕೈ ನಿಲ್ಲುತ್ತಿತ್ತು. ಆದರೂ ಅವನು ಹಿಡಿದ ಕೈ ಬಿಡುತ್ತಿರಲಿಲ್ಲ. ಹೆಡ್ಡಿನ ಬೋಲ್ಟುಗಳಿಗೆ ಮಾತ್ರ ಅಂದಾಜು ಸಾಲದೆಂದು, ಬಿಗಿ ಎಷ್ಟೆಂದು ಮುಳ್ಳಿನಲ್ಲಿ ತೋರಿಸುವ ಉದ್ದನೆಯ ಸ್ಪ್ಯಾನರೊಂದನ್ನು ಶಂಕಗಿರಿಯಿಂದ ತರಿಸಿದ. ಅದರ ಗೀಟುಗಳು ಸಣ್ಣವು, ಚಪ್ಪರದ ಮಬ್ಬಿನಲ್ಲಿ ಅತ್ತೆಗೆ ಕಾಣುತ್ತಿರಲಿಲ್ಲ. ಮುಳ್ಳು ಎಲ್ಲಿಗೆ ಬಂದು ನಿಲ್ಲಬೇಕೆಂದು ಕೇಳಿ, ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಅಲ್ಲಿಗೆ ಅಂಟಿಸಿದಳು.

ಎಲ್ಲ ಸಲೀಸಾಗಿ ನಡೆಯಿತೆಂದಲ್ಲ. ಪಿಸ್ಟನ್ನಿನ ತಲೆಯ ಮೇಲೆ ಒಂದು ಸಣ್ಣ ಬಾಣದ ಗುರುತಿರುತ್ತದೆ, ಅದು ಇಂಜಿನ್ನಿನ ಮುಂದಕ್ಕೆ ನೋಡಬೇಕು. ಒಂದನ್ನು ಅತ್ತೆ ಹಿಂದುಮುಂದಾಗಿ ಇಳಿಸಿಬಿಟ್ಟಿದ್ದಳು. ಎರಡು ದಿನದ ಕೆಲಸ ಮುಗಿದ ಮೇಲೆ ಮಾವನಿಗೆ ಅದು ಕಂಡಿತು. ಅವನು ಆಡಬಾರದ್ದೆಲ್ಲ ಆಡಿದ. ಅತ್ತೆ ಕೈ ಒರೆಸಿಕೊಂಡು ಕೋಲು ತೆಗೆದುಕೊಂಡು ಕುರಿಗಳ ಹಿಂದೆ ಹೋದಳು. ಮಾರನೆಯ ದಿನ ಮಧ್ಯಾಹ್ನ ತಾನಾಗಿ ಬಂದು ಕೂತು, ಕೂಡಿಸಿದ್ದನ್ನೆಲ್ಲ ಬಿಚ್ಚಿ, ಆ ಪಿಸ್ಟನ್ನನ್ನು ಎತ್ತಿ ಹಿಡಿದು, "ಬಾಣ ಎತ್ಲಾಗಿರ್ಬೇಕು? ಇನ್ನೊಂದ್ಸಲ ಏಳು," ಎಂದಳು. ಮಾವ ಹೇಳಿದ. ಅವನ ದನಿ ತಗ್ಗಿತ್ತು.

ಇನ್ನೊಂದು ದಿನ ಅವಳು ಸಣ್ಣ ಕ್ಲಿಪ್ಪೊಂದನ್ನು ಕೂರಿಸಲಾಗದೆ ಒದ್ದಾಡುತ್ತಿದ್ದಾಗ ಮಾವ ಮರೆತು ಬಲಗೈ ಚಾಚಹೋದ. ಕೈ ಮಡಿಲಲ್ಲಿ ಒಂದಿಷ್ಟು ಅಲುಗಿತು, ಅಷ್ಟೇ. ಅವನು ಎದ್ದು ಕಾಲೆಳೆಯುತ್ತ ಬೇವಿನ ಮರದ ಕಡೆಗೆ ಹೋಗಿ ಬಹಳ ಹೊತ್ತು ನಿಂತ. ಅತ್ತೆ ತಲೆ ಎತ್ತಲಿಲ್ಲ. ಕ್ಲಿಪ್ಪು ಕೂತ ಮೇಲೆ, "ಆಯ್ತು, ಬಾ," ಎಂದು ಮಾಮೂಲಿ ದನಿಯಲ್ಲಿ ಕರೆದಳು.

ಆರು ತಿಂಗಳು ಹಿಡಿಯಿತು. ಅದೇ ಬೇವಿನ ಕೊಂಬೆಗೆ ಚೈನ್ ಕಟ್ಟಿ, ಊರಿನ ನಾಲ್ಕು ಜನ ಕೈ ಕೊಟ್ಟು ಇಂಜಿನ್ನನ್ನು ಕಾರಿನೊಳಗೆ ಇಳಿಸಿದರು. ಮೊದಲ ಸಲ ಸ್ಟಾರ್ಟ್ ಮಾಡುವ ದಿನ ನಾನು ಇರಲೇಬೇಕೆಂದು ಅತ್ತೆ ಫೋನು ಮಾಡಿದ್ದಳು, ಏಕೆಂದರೆ ಮನೆಯಲ್ಲಿ ಕಾರು ಓಡಿಸಲು ಬರುವುದು ಈಗ ನನಗೊಬ್ಬಳಿಗೇ. ಶಾಲೆಗೆ ಪರೀಕ್ಷೆಯ ರಜೆ ಬಂದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಅತ್ತೆ ರೇಡಿಯೇಟರಿಗೆ ನೀರು ತುಂಬಿ, ಆಯಿಲ್ ಹೊಯ್ದು, ಅಳತೆಯ ಕಡ್ಡಿಯನ್ನು ಮೂರು ಸಲ ಎತ್ತಿ ನೋಡಿದ್ದಳು. ತಿಂಡಿ ತಿಂದಿರಲಿಲ್ಲ. ನಿಂಬೆಹಣ್ಣು ಇಡಲೇ ಎಂದು ಕೇಳಿದ್ದಕ್ಕೆ, "ಮೊದ್ಲು ಅದುಕ್ಕೆ ಉಸ್ರು ಬರ್ಲಿ, ಆಮ್ಯಾಕೆ ಪೂಜೆ," ಎಂದಳು.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಬಾನೆಟ್ಟಿನ ಎಡಕ್ಕೆ ಅತ್ತೆ. ಬಲಕ್ಕೆ ಕುರ್ಚಿ ಹಾಕಿಕೊಂಡು ಮಾವ.

ಮೊದಲು ಡೀಸೆಲ್ ಹೋಗದ ಹಾಗೆ ಒಂದು ವಯರು ಕಳಚಿದ್ದರು. ಇಂಜಿನ್ ಹೊತ್ತಿಕೊಳ್ಳುವ ಮೊದಲು ಒಳಗಿನ ಮೂಲೆ ಮೂಲೆಗೂ ಆಯಿಲ್ ಹರಿಯಬೇಕು, ಒಣಗಿದ ಮೈಯಲ್ಲಿ ಓಡಿದರೆ ಹೊಸ ಬೇರಿಂಗುಗಳು ಒಂದೇ ನಿಮಿಷದಲ್ಲಿ ಹಾಳಾಗುತ್ತವೆ ಎಂದು ಮಾವ ನನಗೆ ವಿವರಿಸಿದ. ನಾನು ಕೀ ತಿರುಗಿಸಿದೆ. ಇಂಜಿನ್ ಭಾರವಾಗಿ ಸುತ್ತಿತು. ಎದುರಿನ ಬೋರ್ಡಿನಲ್ಲಿ ಆಯಿಲ್ಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಹತ್ತು ಎಣಿಸಿ ಬಿಟ್ಟೆ. ಮತ್ತೆ ಹತ್ತು. ದೀಪ ಆರಲಿಲ್ಲ. ಮೂರನೇ ಸಲ ಎಂಟು ಎಣಿಸುವಷ್ಟರಲ್ಲಿ ಕೆಂಪು ಒಮ್ಮೆ ಮಿಣುಕಿ ಆರಿಹೋಯಿತು.

"ಲೈಟು?" ಎಂದ ಮಾವ.

"ಆರ್‌ತು ಮಾವ."

ಅವನು ಕಣ್ಣು ಮುಚ್ಚಿ ತೆರೆದ. ಅತ್ತೆ ಆಗಲೇ ವಯರನ್ನು ಸಿಕ್ಕಿಸುತ್ತಿದ್ದಳು.

ಡೀಸೆಲ್ ಫಿಲ್ಟರಿನ ಮೇಲಿನ ಗುಂಡಿಯನ್ನು ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ತೆಗೆದಳು. ನಾನು ಕೀಯನ್ನು ಅರ್ಧಕ್ಕೆ ತಿರುಗಿಸಿ, ಸಿಲಿಂಡರುಗಳನ್ನು ಬಿಸಿ ಮಾಡುವ ಹೀಟರಿನ ದೀಪ ಆರುವ ತನಕ ಕಾದು, ಪೂರ್ತಿ ತಿರುಗಿಸಿದೆ. ಇಂಜಿನ್ ಸುತ್ತಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಹೊತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ಮಾಡಿದೆ. ಹೊಗೆಯಷ್ಟೇ. ಬ್ಯಾಟರಿ ಸೋಲುತ್ತಿರುವುದು ನನಗೂ ಗೊತ್ತಾಗುತ್ತಿತ್ತು. ನಾನು ಮಾವನ ಮುಖ ನೋಡಿದೆ. ಅತ್ತೆ ಮಾತ್ರ ಮಾವನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಗಾಳಿ ಇನ್ನೂ ಐತೆ," ಎಂದಳು. "ಮ್ಯಾಲಿನ್ ನಾಕೂ ಪೈಪು ಸಡಿಲ ಮಾಡ್ಲಾ?"

"ನಾನೂ ಅದ್ನೇ ಏಳಾಕ್ ಬಂದೆ," ಎಂದ ಮಾವ.

ಅವಳು ನಾಲ್ಕು ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿದಳು. ನಾನು ಕೀ ತಿರುಗಿಸಿದೆ. ನಾಲ್ಕು ಕಡೆಯಿಂದಲೂ ಮೊದಲು ನೊರೆ ಬಂತು, ಆಮೇಲೆ ಡೀಸೆಲ್ ಚಿಮ್ಮಿತು. ಬಿಗಿದಳು. ಸೆರಗಿನಲ್ಲಿ ಒರೆಸಿದಳು. ಬೆಂಕಿ ಹತ್ತೀತು, ಬಟ್ಟೆ ತಗೊಳೇ ಎಂದು ಮಾವ ಗದರಿಸಿದ.

ಆ ಸಲ ಅದು ಹೊತ್ತಿಕೊಂಡಿತು. ಮೊದಲು ಎರಡು ಸಿಲಿಂಡರುಗಳಷ್ಟೇ ಇರಬೇಕು, ಇಡೀ ಕಾರು ಗಡಗಡ ನಡುಗಿತು. ಕಿಟಕಿಯ ಗಾಜು ಅದುರಿತು. ನಾನು ಕೀ ಬಿಡುವುದೋ ಬೇಡವೋ ತಿಳಿಯದೆ ಕೂತಿದ್ದೆ. ಮತ್ತೊಂದು ಸೇರಿತು. ನಾಲ್ಕನೆಯದೂ ಸೇರಿದ್ದೇ ನಡುಕ ನಿಂತು, ಒಂದೇ ಸಮನೆಯ ಸದ್ದು ಅಂಗಳ ತುಂಬಿತು. ಹಟ್ಟಿಯಲ್ಲಿ ಕುರಿಗಳೆಲ್ಲ ಒಂದೇ ಮೂಲೆಗೆ ನುಗ್ಗಿದವು. ಒಳಗೆ ಹಚ್ಚಿದ್ದ ಹೊಸ ಆಯಿಲ್ ಸುಡುವ ವಾಸನೆ, ಸೈಲೆನ್ಸರಿನಿಂದ ನೀಲಿ ಹೊಗೆ. ಮಾವ ಕುರ್ಚಿಯಿಂದ ಎದ್ದು ಎಡಗೈಯನ್ನು ಕಾರಿನ ಮೈಮೇಲೆ ಇಟ್ಟು ನಿಂತಿದ್ದ.

"ಬಂತು," ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದೇನವ್ವಾ, ಬಂತು," ಎಂದು ಮತ್ತೊಮ್ಮೆ ಹೇಳಿದ. ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

ನಾನು ಅತ್ತೆಯ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಇಂಜಿನ್ನಿನ ಮೇಲೆ ಬಾಗಿದ್ದಳು.

"ನಿಲ್ಸು," ಎಂದಳು.

"ಯಾಕೆ? ಚೆಂದಾಗ್ ಓಡ್ತೈತಲ್ಲ," ಎಂದ ಮಾವ.

"ಒಂದು ಟಿಕ್ ಅಂತೈತೆ. ಮೂರ್ನೇದ್ರಾಗೆ. ನಿಲ್ಸವ್ವಾ."

"ಒಸಾ ಇಂಜಿನ್ನು, ಒಸಿ ಹೊತ್ತು ಓಡಿದ್ರೆ ಸರಿ ಓಯ್ತೈತೆ."

"ನಿಲ್ಸು," ಎಂದು ಅವಳು ನನಗೆ ಮೂರನೆಯ ಸಲ ಹೇಳಿದಳು. ನಾನು ನಿಲ್ಲಿಸಿದೆ. ನನಗೆ ಎಂಥ ಟಿಕ್ ಸದ್ದೂ ಕೇಳಿರಲಿಲ್ಲ.

ಮೇಲಿನ ತಗಡಿನ ಕವರನ್ನು ಬಿಚ್ಚಿದಳು. ಅದರ ಕೆಳಗೆ ವಾಲ್ವುಗಳನ್ನು ಒತ್ತುವ ಸಣ್ಣ ಸಣ್ಣ ತೋಳುಗಳು ಸಾಲಾಗಿರುತ್ತವೆ; ಒಂದೊಂದಕ್ಕೂ ಒಂದು ಸ್ಕ್ರೂ, ಅದು ತಿರುಗದ ಹಾಗೆ ಒಂದು ನಟ್ಟು. ಮೂರನೆಯ ಸಿಲಿಂಡರಿನ ಒಂದು ನಟ್ಟನ್ನು ಅತ್ತೆ ಬೆರಳಲ್ಲಿ ಮುಟ್ಟಿದಳು. ಅದು ಬೆರಳಿಗೇ ತಿರುಗಿತು. ಇನ್ನಷ್ಟು ಹೊತ್ತು ಓಡಿದ್ದರೆ ಅದು ಕಳಚಿ ಬೀಳುತ್ತಿತ್ತು, ಬಿದ್ದಿದ್ದರೆ ಆರು ತಿಂಗಳ ಕೆಲಸ ಮತ್ತೆ ಗೋಣಿಚೀಲದ ಮೇಲೆ.

ಅತ್ತೆಯೇ ಹೇಳಿದಳು:

"ಇದ್ನ ಬಿಗೀವಾಗ್ಲೇ ಕುರಿ ಪಕ್ಕದೋರ್ ರಾಗಿಗ್ ನುಗ್ಗಿದ್ವು. ಎದ್ದು ಓಡಿದ್ದೆ. ಬಂದು ಮುಂದಿನ್ದುಕ್ಕೆ ಕೈ ಆಕ್ಬುಟ್ಟೆ. ತಪ್ಪು ನಂದೇ."

ನಾನು ಮಾವನ ಬೈಗುಳಕ್ಕೆ ಕಾದೆ. ಬರಲಿಲ್ಲ. ಅವನು ಕುರ್ಚಿಯಲ್ಲಿ ಕೂತು ಆ ನಟ್ಟನ್ನೇ ನೋಡುತ್ತಿದ್ದ.

"ನಂಗೆ ಕೇಳಿಸ್ನೇ ಇಲ್ಲ," ಎಂದ. "ಅಷ್ಟು ವರ್ಸ ಬರೀ ಕಿವೀಲೇ ಲಾರಿ ರಿಪೇರಿ ಮಾಡ್ದೋನು ನಾನು."

"ನೀ ಸಂತೋಸದಾಗಿದ್ದೆ. ಅದ್ಕೇ ಕೇಳಿಸ್ಲಿಲ್ಲ."

"ನಿಂಗೆ ಸಂತೋಸ ಇರ್ಲಿಲ್ವಾ?"

"ನಂಗೆ ಭಯ ಇತ್ತು," ಎಂದಳು ಅತ್ತೆ. ಹಾಗೆ ಹೇಳಿ, ತೆಳ್ಳನೆಯ ಅಳತೆಪಟ್ಟಿಯನ್ನು ತೋಳಿನ ಸಂದಿಗೆ ತೂರಿಸಿ, ಸ್ಕ್ರೂ ಹಿಡಿದು ನಟ್ಟು ಬಿಗಿದಳು. ಬಿಗಿಯುವಾಗ ಮಾವ ಅವಳ ಮುಂಗೈ ಹಿಡಿಯಲಿಲ್ಲ. ಅವಳು ಅಲ್ಲಿಗೇ ಬಿಡದೆ ಎಂಟೂ ನಟ್ಟುಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿದಳು. ಎರಡನೆಯ ಸಲ ಇಂಜಿನ್ ಅರ್ಧ ಸುತ್ತಿಗೇ ಹೊತ್ತಿಕೊಂಡಿತು. ಅತ್ತೆ ಮತ್ತೆ ತಲೆ ವಾಲಿಸಿ ಕೇಳಿದಳು. ಈ ಸಲ ನೇರ ನಿಂತು ಸರಿಯೆಂದು ತಲೆಯಾಡಿಸಿದಳು. ಆಮೇಲೆ ಒಳಗೆ ಹೋಗಿ ನೀರು ಕುಡಿದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ತಟ್ಟೆಯಲ್ಲಿ ಇಡ್ಲಿ ಇಟ್ಟು ಕೊಟ್ಟೆ, ಒಂದೂ ಬಿಡದೆ ತಿಂದಳು.

ಇಪ್ಪತ್ತು ವರ್ಷದಿಂದ ಮಕ್ಕಳು ಕಲಿಯುವುದನ್ನು ನೋಡುತ್ತಿದ್ದೇನೆ. ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳಿದ್ದಾರೆ, ಅವರನ್ನು ಮೆಚ್ಚಿ ಬಹುಮಾನ ಕೊಟ್ಟಿದ್ದೇನೆ. ಹೇಳಿಕೊಟ್ಟವನೇ ಆಯಿತು ಎಂದು ಹಿಗ್ಗಿ ನಿಂತಾಗ, ಇಲ್ಲ, ಇನ್ನೂ ಆಗಿಲ್ಲ ಎಂದು ಹೇಳುವ ಧೈರ್ಯ ಬರುವಷ್ಟು ಕಲಿತವರನ್ನು ಹೆಚ್ಚು ಕಂಡಿಲ್ಲ. ಅದೂ ಆ ತಪ್ಪು ತನ್ನದೇ ಎಂದು ಗೊತ್ತಿದ್ದಾಗ. ಇದನ್ನು ಅತ್ತೆಗೆ ಹೇಳಹೋದೆ. ಅವಳಿಗೆ ಅದು ದೊಡ್ಡ ಮಾತಾಗಿ ಕಾಣಲಿಲ್ಲ. ಅಷ್ಟು ಸಣ್ಣ ಸದ್ದು ಎಲ್ಲರಿಗೂ ಕೇಳುತ್ತದೆ, ಕಿವಿ ಕೊಡಬೇಕಷ್ಟೇ ಎಂದಳು.

ಇಂಜಿನ್ ತಣ್ಣಗಾಗಲೆಂದು ರಾತ್ರಿಯೆಲ್ಲ ಬಿಟ್ಟು, ಮಾರನೆಯ ಬೆಳಿಗ್ಗೆ ಹೆಡ್ಡಿನ ಬೋಲ್ಟುಗಳನ್ನು ಮತ್ತೊಂದು ಸುತ್ತು ಬಿಗಿದಳು. ಆಮೇಲೆ ಮೂವರೂ ಕೊಳತ್ತೂರಿಗೆ ಹೊರಟೆವು. ಮಾವ ನನ್ನ ಪಕ್ಕ, ಅತ್ತೆ ಹಿಂದೆ. ಹೊಸದಾಗಿ ಕೂಡಿಸಿದ ಇಂಜಿನ್ನನ್ನು ಓಡಿಸಿ ದಣಿಸಬಾರದೆಂದು ಮಾವ ನಲವತ್ತರ ಮೇಲೆ ಹೋಗಲು ಬಿಡಲಿಲ್ಲ. ಸೈಕಲ್ಲಿನವರೊಬ್ಬರು ಇಳಿಜಾರಿನಲ್ಲಿ ನಮ್ಮನ್ನು ದಾಟಿ ಹೋದರು. ದೂರದಲ್ಲಿ ಅಣೆಕಟ್ಟಿನ ನೀರು ಹೊಳೆಯುತ್ತಿತ್ತು. ಮಾವ ಕಿಟಕಿಯಿಂದ ಎಡಗೈ ಹೊರಗೆ ಹಾಕಿ ಗಾಳಿಗೆ ಹಿಡಿದಿದ್ದ.

ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ ಕೂಡಲೇ ಅತ್ತೆ ಇಳಿದು ಬಾನೆಟ್ ಎತ್ತಿ, ಎಲ್ಲಾದರೂ ಆಯಿಲ್ ಒಸರಿದೆಯೇ ಎಂದು ಕೆಳಗೆ ಮೇಲೆ ಬಾಗಿ ನೋಡತೊಡಗಿದಳು. ಮೊಣಕಾಲಿನ ತನಕ ಸೀರೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಹಾಗೆ ಇಂಜಿನ್ನಿನೊಳಗೆ ತಲೆ ಹಾಕಿರುವುದನ್ನು ನೋಡಲು ಟೀ ಅಂಗಡಿಯಿಂದ ನಾಲ್ಕಾರು ಜನ ಬಂದರು. ಅವರಲ್ಲಿ ಮೀನಿನ ಗಾಡಿ ಓಡಿಸುವವನೊಬ್ಬ ಮಾವನನ್ನು ಗುರುತಿಸಿ ಕಿಟಕಿಯ ಹತ್ತಿರ ಬಗ್ಗಿದ. ತನ್ನ ಗಾಡಿ ಹತ್ತು ದಿನದಿಂದ ಕರೀ ಹೊಗೆ ಬಿಡುತ್ತಿದೆ, ಏನಿರಬಹುದು ಎಂದು ತಮಿಳಿನಲ್ಲಿ ಕೇಳಿದ.

ಮಾವ ಸೀಟಿನಿಂದ ಅಲ್ಲಾಡಲಿಲ್ಲ. ಗಲ್ಲವನ್ನು ಬಾನೆಟ್ಟಿನ ಕಡೆಗೆ ಎತ್ತಿ ತೋರಿಸಿ, ತಮಿಳಿನಲ್ಲೇ, "ಅವಳನ್ನ ಕೇಳು," ಎಂದ.